ಹಬ್ಬದ ಸಿನಿಮಾ, ಹೆಂಗಸರ ಕಿಟಕಿ

ಮಧುಗಿರಿಯಲ್ಲಿ ಹಬ್ಬಕ್ಕೆ ಬಿಟ್ಟ ಸಂಸಾರದ ಸಿನಿಮಾ ಓಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರು ಸಾಮಾನ್ಯವಾಗಿ ಗಂಡಸರು. ಅಪ್ಪನನ್ನು ನೋಡಲು ಬಂದು ನಮ್ಮ ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ, ಬೆಂಗಳೂರಿನ ಗಾಂಧಿನಗರದಲ್ಲೇ ಹುಟ್ಟಿ ಬೆಳೆದವರ ಹಾಗೆ ಹೇಳುತ್ತಾರೆ: "ಹಬ್ಬದ ಪಿಚ್ಚರ್ರು ಮೂರು ದಿನದಲ್ಲಿ ಏಳಬೇಕು. ಏಳಲಿಲ್ಲ ಅಂದ್ರೆ ಮಲಗಿತು ಅಂತ್ಲೇ ಅರ್ಥ." ಆ ಮೂರು ದಿನ ನಿಮ್ಮ ಮನೆಯ ಹೆಂಗಸರು ಎಲ್ಲಿದ್ದರು ಎಂದು ಅವರನ್ನು ಕೇಳಬೇಕು. ಅವರು ಯೋಚನೆ ಮಾಡಬೇಕಾಗುತ್ತದೆ. ನಾನು ಯೋಚನೆ ಮಾಡಬೇಕಾಗಿಲ್ಲ. ಒಲೆಯ ಮುಂದೆ ಇದ್ದರು.

ನಮ್ಮ ಮನೆ ಇದ್ದದ್ದು ಥಿಯೇಟರಿನ ಪಕ್ಕದ ಓಣಿಯಲ್ಲಿ. ಗಂಡಸರ ಟಿಕೆಟ್ ಕೌಂಟರು ಮುಂದಿನ ರಸ್ತೆಗಿತ್ತು. ಕಬ್ಬಿಣದ ಪೈಪು ಕಟ್ಟಿ ಒಬ್ಬರ ಹಿಂದೆ ಒಬ್ಬರು ತೂರುವಂತೆ ಮಾಡಿದ್ದರು. ಆದರೂ ಜನ ಪೈಪಿನ ಮೇಲೆ ಹತ್ತಿ, ನಿಂತವರ ಭುಜದ ಮೇಲೆ ತೆವಳಿ ಮುಂದೆ ಹೋಗುತ್ತಿದ್ದರು. ಹೆಂಗಸರ ಕೌಂಟರು ನಮ್ಮ ಓಣಿಗೆ ತೆರೆಯುವ ಒಂದು ಕಿಟಕಿ. ಸರಳಿನ ನಡುವೆ ಬಳೆ ತೊಟ್ಟ ಒಂದು ಕೈ ಹೋಗುವಷ್ಟು ಜಾಗ. ಅದರ ಹಿಂದೆ ಮರದ ಸ್ಟೂಲಿನ ಮೇಲೆ ಕೂತು ಟಿಕೆಟ್ ಹರಿದುಕೊಡುತ್ತಿದ್ದವರು ನನ್ನ ಸೋದರತ್ತೆ. ಹೆಂಗಸರ ಟಿಕೆಟ್ಟಿನ ಬಣ್ಣ ಗುಲಾಬಿ. ಗಂಡಸರದು ಬಿಳಿ. ಒಳಗೆ ಎಡಗಡೆಗೆ, ಸೊಂಟದೆತ್ತರದ ಗೋಡೆಯ ಆಚೆ ಹೆಂಗಸರ ಬೆಂಚುಗಳು. ಮೇಲೊಂದು ಫ್ಯಾನು. ಅದು ತಿರುಗುತ್ತಿರಲಿಲ್ಲ. ಅತ್ತೆ ಕೇಳಿದಾಗಲೆಲ್ಲ ಮ್ಯಾನೇಜರು, "ಈ ಹಬ್ಬ ಒಂದು ಕಳೀಲಿ ಕಣಮ್ಮ, ಮಾಡಿಸ್ತೀನಿ" ಎನ್ನುತ್ತಿದ್ದರು.

ಅತ್ತೆಯ ಗಂಡ, ನನ್ನ ಮಾವ, ಟೈಲರು. ಹಬ್ಬಕ್ಕೆ ಮುಂಚೆ ಊಟಕ್ಕೂ ಏಳದೆ ಹೊಲಿಯುತ್ತಿದ್ದರು, ಹಬ್ಬ ಮುಗಿದ ಮೇಲೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ಸುಮ್ಮನೆ ಕೂರುತ್ತಿದ್ದರು. ವರ್ಷದ ಉಳಿದ ತಿಂಗಳು ಆ ಮನೆಯ ಒಲೆ ಉರಿಯುತ್ತಿದ್ದದ್ದು ಅತ್ತೆಯ ಕಿಟಕಿಯಿಂದ.

ನನಗೆ ಬರೆದಿಡುವ ಚಟ. ಮಿಡ್ಲ್ ಸ್ಕೂಲಿನಲ್ಲಿ ಶುರುವಾದದ್ದು ಇವತ್ತಿಗೂ ಬಿಟ್ಟಿಲ್ಲ. ಮಳೆ ಬಂದ ದಿನ, ನಲ್ಲಿ ಬಿಟ್ಟ ಹೊತ್ತು, ಯಾವ ಬಸ್ಸು ಎಷ್ಟು ತಡ, ಎಲ್ಲವನ್ನೂ ಬರೆಯುತ್ತಿದ್ದೆ. ಜಗಲಿಯ ಎದುರೇ ಹೆಂಗಸರ ಕಿಟಕಿ ಇದ್ದದ್ದರಿಂದ ಅದರದೂ ಲೆಕ್ಕ ಸೇರಿಕೊಂಡಿತು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವುದು. ಮೊದಲು ಒಳಗೆ ಹೋದವರನ್ನು ಮಾತ್ರ ಎಣಿಸುತ್ತಿದ್ದೆ. ಆಮೇಲೆ ಇನ್ನೊಂದು ಕಾಲಂ ಹಾಕಿದೆ: ವಾಪಸು ಹೋದವರು. ಒಳಗೆ ಹೋದವರನ್ನು ಎಣಿಸಲು ತೆರಿಗೆಯವರಿದ್ದರು, ಮಾಲೀಕರಿದ್ದರು, ಬೆಂಗಳೂರಿನ ಹಂಚಿಕೆದಾರರಿದ್ದರು. ವಾಪಸು ಹೋದವರು ಯಾರಿಗೂ ಬೇಕಿರಲಿಲ್ಲ.

ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳ ಬಗ್ಗೆ ಸಿನಿಮಾದವರು ಬರೆದಿಟ್ಟುಕೊಂಡಿದ್ದ ತೀರ್ಪುಗಳನ್ನು ಕೇಳಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಪಾವಗಡದಲ್ಲಿ ಕನ್ನಡ ಸಿನಿಮಾ ಓಡುವುದಿಲ್ಲ, ಅಲ್ಲಿ ಬರೀ ತೆಲುಗು. ನನ್ನ ಅಮ್ಮನ ತವರು ರಾಯಚರ್ಲು. ಸಂಕ್ರಾಂತಿಗೆ ಅಲ್ಲಿಗೆ ಹೋದಾಗ ಪಾವಗಡಕ್ಕೆ ಗಾಡಿ ಕಟ್ಟಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದೆವು. ತೆಲುಗು ಸಿನಿಮಾ ಹೊಸದಾಗಿ, ಹಬ್ಬದ ದಿನಕ್ಕೆ ಸರಿಯಾಗಿ, ಗೆರೆ ಬೀಳದ ಪ್ರಿಂಟಿನಲ್ಲಿ ಬರುತ್ತಿತ್ತು. ಕನ್ನಡದ್ದು ಊರೆಲ್ಲ ಸುತ್ತಿ, ಮಳೆ ಸುರಿದಂತೆ ಗೆರೆ ಹೊತ್ತು, ಅರ್ಧ ಹಾಡು ಕಳೆದುಕೊಂಡು ಬರುತ್ತಿತ್ತು. ಅಜ್ಜಿ ಅದನ್ನು ನೋಡಿ, "ಇದೇಮಿ ಬೊಮ್ಮ, ಇದೆಂಥ ಪಿಚ್ಚರ್ರು? ಹೀರೋ ಬಾಯಿ ತೆಗೆದ, ಹಾಡು ಶುರುವಾಯ್ತು, ಅಷ್ಟರಲ್ಲಿ ಅವರ ಮಗ ಸ್ಕೂಲಿಗೆ ಹೋಗ್ತಾವ್ನೆ!" ಎಂದಿದ್ದರು. ಅಂಥದ್ದಕ್ಕೆ ಜನ ಬರಲಿಲ್ಲ ಎಂದು ಜನರ ಮೇಲೆ ಬರೆದರು.

ಶಿರಾದಲ್ಲಿ ಒಂದು ವರ್ಷ ಹಬ್ಬದ ಹೊಸ ಸಿನಿಮಾವನ್ನು ರಂಜಾನ್ ತಿಂಗಳ ನಡುವೆ ಬಿಟ್ಟು, ಸಂಜೆ ಆಟ ಖಾಲಿ ಎಂದು ಮೂಗು ಮುರಿದರು. ಸಂಜೆ ಅರ್ಧ ಊರು ಉಪವಾಸ ಬಿಡಲು ಕೂತಿರುತ್ತದೆ ಎಂಬುದು ಅಲ್ಲಿನ ಬಸ್ ಕಂಡಕ್ಟರಿಗೂ ಗೊತ್ತು. ಕೊರಟಗೆರೆಯ ಟೆಂಟಿನಲ್ಲಿ ಶುಕ್ರವಾರ ಹೆಂಗಸರು ಕಮ್ಮಿ ಎಂದರು. ಶುಕ್ರವಾರ ಆ ಹೆಂಗಸರೆಲ್ಲ ಗೊರವನಹಳ್ಳಿ ಲಕ್ಷ್ಮಿಯ ಮುಂದೆ ಸಾಲು ನಿಂತಿರುತ್ತಾರೆ. ಹೊಸ ಸಿನಿಮಾ ಬಿಡುವುದಕ್ಕೆ ಇವರಿಗೆ ಶುಕ್ರವಾರವೇ ಆಗಬೇಕು!

ಇಷ್ಟೆಲ್ಲ ಸಿಟ್ಟು ಸುಮ್ಮನೆ ಬಂದದ್ದಲ್ಲ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಬಂದ ಒಂದು ದೀಪಾವಳಿಯಿಂದ ಬಂದದ್ದು.

ಆ ವರ್ಷ ನಮ್ಮ ಥಿಯೇಟರಿಗೆ ಬೆಂಗಳೂರಿನ ಜೊತೆಜೊತೆಗೇ ಹೊಸ ಸಿನಿಮಾ ಬಂತು. ಇಲ್ಲದಿದ್ದರೆ ಬೆಂಗಳೂರು ಮುಗಿದು, ತುಮಕೂರು ಮುಗಿದು, ಹಾಡುಗಳು ರೇಡಿಯೋದಲ್ಲಿ ಹಳತಾದ ಮೇಲೆ ನಮಗೆ. ಈ ಸಲ ಹದಿನೈದು ದಿನ ಮುಂಚೆಯೇ ಜಟಕಾ ಗಾಡಿಗೆ ಮೈಕು ಕಟ್ಟಿ ಕೂಗಿಸಿದರು: "ತಾಯಂದಿರೇ, ಅಕ್ಕತಂಗಿಯರೇ, ಈ ದೀಪಾವಳಿಗೆ ಕುಟುಂಬ ಸಮೇತರಾಗಿ ಬನ್ನಿ!" ಮೂರು ಜನ ಓರಗಿತ್ತಿಯರು, ಒಂದು ಒಡೆದ ಮನೆ, ಮತ್ತೆ ಕೂಡುವ ಮನೆ. ಕತೆ ಅದು. ಹೆಂಗಸರಿಗಾಗಿಯೇ ಮಾಡಿದ ಸಿನಿಮಾ ಎಂದು ಗೋಡೆಯ ಮೇಲೆಲ್ಲ ಬರೆದಿತ್ತು.

ಫಿಲಂ ಡಬ್ಬಗಳ ಜೊತೆ ಹಂಚಿಕೆದಾರರ ಕಡೆಯಿಂದ ಒಬ್ಬ ರೆಪ್ರೆಸೆಂಟೇಟಿವ್ ಬಂದ. ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಟಿಕೆಟ್ ಹರಿಯುವುದನ್ನು ನೋಡುವುದು, ದಿನವೂ ಬೆಂಗಳೂರಿಗೆ ರಿಪೋರ್ಟ್ ಕಳಿಸುವುದು ಅವನ ಕೆಲಸ. ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲೊಂದು ಚರ್ಮದ ಚೀಲ. ಲಾಡ್ಜಿನ ಹಾಸಿಗೆ ಸರಿಯಿಲ್ಲ, ಊರಲ್ಲಿ ಒಳ್ಳೆ ಕಾಫಿ ಇಲ್ಲ, ಬರೀ ಬಂಡೆ ಎಂದು ಬಂದ ದಿನವೇ ಶುರುಮಾಡಿದ.

ಬಿಡುಗಡೆ ಶುಕ್ರವಾರ. ಅಂದೇ ನರಕ ಚತುರ್ದಶಿ. ಶನಿವಾರ ಅಮಾವಾಸ್ಯೆ. ಭಾನುವಾರ ಬಲಿಪಾಡ್ಯಮಿ.

ನಮ್ಮ ಕಡೆ ಅಮಾವಾಸ್ಯೆಯ ದಿನ ನೋಮು. ಕೇದಾರೇಶ್ವರನ ವ್ರತ. ಇಪ್ಪತ್ತೊಂದು ಎಳೆಯ ದಾರ, ಇಪ್ಪತ್ತೊಂದು ಕಜ್ಜಾಯ, ಇಪ್ಪತ್ತೊಂದು ಎಲೆ, ಅಡಿಕೆ, ಎಲ್ಲವೂ ಇಪ್ಪತ್ತೊಂದು. ನೋಮು ಇರುವ ಮನೆಯ ಹೆಂಗಸರು ಗುರುವಾರವೇ ಅಕ್ಕಿ ನೆನೆಸಿ ಕುಟ್ಟಬೇಕು, ಬೆಲ್ಲದ ಪಾಕ ಹಿಡಿಯಬೇಕು. ಶುಕ್ರವಾರ ಎಣ್ಣೆ ನೀರು, ಮಡಿ, ಕಜ್ಜಾಯ ಬೇಯಿಸುವುದು. ಶನಿವಾರ ಪೂಜೆ ಮುಗಿಯುವವರೆಗೆ ಉಪವಾಸ. ಭಾನುವಾರ ಹೊಸ ಅಳಿಯಂದಿರು ಬರುತ್ತಾರೆ, ಅವರಿಗೆ ಒಬ್ಬಟ್ಟು. ಈ ಮೂರು ದಿನ ಗಂಡಸರು ಏನು ಮಾಡುತ್ತಾರೆ? ಎಣ್ಣೆ ಸ್ನಾನ ಮಾಡುತ್ತಾರೆ, ಕಜ್ಜಾಯ ತಿನ್ನುತ್ತಾರೆ, ಇಸ್ಪೀಟು ಆಡುತ್ತಾರೆ, ಸಿನಿಮಾಕ್ಕೆ ಹೋಗುತ್ತಾರೆ. ಹೆಂಗಸರಿಗೆ ಹಬ್ಬ ಮಾರನೇ ದಿನ, ಆ ಸಲ ಸೋಮವಾರ. ಮಿಕ್ಕ ಕಜ್ಜಾಯವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮಗಳು ಅಳಿಯ ಸಮೇತ ಸಿನಿಮಾಕ್ಕೆ ಹೊರಡುವುದು ಆವತ್ತು. ನನಗೆ ಬುದ್ಧಿ ಬಂದಾಗಿನಿಂದ ಹೀಗೆಯೇ.

ಶುಕ್ರವಾರ ಬೆಳಗ್ಗೆಯೇ ಗಂಡಸರ ಜಾತ್ರೆ ಸೇರಿತು. ಮ್ಯಾನೇಜರು ಮಾಡಿದ್ದೇನು ಗೊತ್ತೆ? ಎಡಗಡೆಯ ಬೆಂಚುಗಳನ್ನೂ ಗಂಡಸರಿಗೆ ಬಿಟ್ಟುಕೊಟ್ಟರು. ಅತ್ತೆಯ ಕೈಗೆ ಬಿಳಿ ಟಿಕೆಟ್ಟಿನ ಪುಸ್ತಕ ಕೊಟ್ಟು, "ಇವತ್ತು ರಶ್ಶು, ನಿನ್ನ ಕಿಟಕೀಲೂ ಗಂಡಸ್ರಿಗೇ ಕೊಡು" ಎಂದರು. ಸರಳಿನ ನಡುವೆ ರೋಮದ ಕೈಗಳು ತೂರಿದವು. ಆ ಗದ್ದಲದಲ್ಲಿ ಹಬ್ಬದ ಕೆಲಸ ಹೇಗೋ ಮುಗಿಸಿಕೊಂಡು ಬಂದ ನಾಲ್ಕಾರು ಹೆಂಗಸರನ್ನು ಗೇಟಿನವನು, "ರಶ್ಶು ಕಣಮ್ಮ, ನಾಳೆ ಬನ್ನಿ" ಎಂದು ಕಳಿಸಿದ. ಶನಿವಾರವೂ ಅದೇ. ಭಾನುವಾರವೂ ಅದೇ. ನನ್ನ ಎರಡನೆಯ ಕಾಲಂ ತುಂಬುತ್ತಿತ್ತು, ಮೊದಲನೆಯದು ಸೊನ್ನೆ.

ಗಂಡಸರಾದರೂ ಸಿನಿಮಾ ನೋಡಿದರೇ? ಒಂದು ಹೊಡೆದಾಟವಿಲ್ಲದ ಓರಗಿತ್ತಿಯರ ಕತೆ. ಅರ್ಧಕ್ಕೇ ಎದ್ದು ಬಂದು ಬೀಡಿ ಹಚ್ಚುತ್ತಿದ್ದರು. "ಏನಲಾ ಇದು, ಮನೇಲೂ ಇದೇ ಜಗಳ, ಕಾಸು ಕೊಟ್ಟು ಇಲ್ಲೂ ಇದೇ ಜಗಳ" ಎಂದು ಒಬ್ಬ ನಮ್ಮ ಜಗಲಿಯ ಮೇಲೆ ಕೂತು ಗೊಣಗಿದ. ಶನಿವಾರ ಮೊದಲ ದಿನಕ್ಕಿಂತ ಕಮ್ಮಿಯಾಯಿತು, ಭಾನುವಾರ ಇನ್ನೂ ಕಮ್ಮಿ.

ಭಾನುವಾರ ಮ್ಯಾಟನಿ ಮುಗಿದ ಮೇಲೆ ಅತ್ತೆ ಓಣಿ ದಾಟಿ ನಮ್ಮ ಅಡುಗೆಮನೆಗೆ ಬಂದರು. ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಅತ್ತೆ ಹೊಸ್ತಿಲ ಒಳಗೇ ನಿಂತರು.

"ಅತ್ತಿಗೆ, ಬರೋ ಶುಕ್ರವಾರದಿಂದ ಕಿಟಕಿ ಮುಚ್ತಾರಂತೆ."

"ಯಾವ ಕಿಟಕಿ?"

"ನನ್ನ ಕಿಟಕಿ. ಬೆಂಗಳೂರಿನವ್ನು ಗುಲಾಬಿ ಪುಸ್ತಕ ತೆಗೆದು ನೋಡ್ದ. ಒಂದು ಹಾಳೆನೂ ಹರಿದಿಲ್ಲ. ಹೆಂಗಸ್ರ ಪಿಚ್ಚರ್ಗೇ ಹೆಂಗಸ್ರು ಬರಲ್ಲ ಅಂದ್ರೆ ಈ ಊರಲ್ಲಿ ಲೇಡೀಸ್ ಕೌಂಟರ್ ಯಾಕೆ ಸಾರ್ ಅಂದ. ಮ್ಯಾನೇಜರ್ರು ತಲೆ ಆಡ್ಸಿದ್ರು. ಅಲ್ಲಿ ಸೋಡಾ ಅಂಗಡಿ ಇಡ್ತಾರಂತೆ."

"ಹರೀಬ್ಯಾಡ ಅಂದವರು ಯಾರು? ಅವರೇ ಅಲ್ವಾ?"

"ಅವರೇ."

"ಅದನ್ನ ಹೇಳ್ಲಿಲ್ವಾ ನೀನು?"

"ಹೇಳಿದ್ರೆ ಕೇಳ್ತಾರಾ? ಪಿಚ್ಚರ್ರು ನಾಳೆ ಬೆಳಗ್ಗೆ ಎತ್ತಿ ಶಿರಾಕ್ಕೆ ಕಳಿಸ್ತಾರಂತೆ. ನಾಳಿದ್ದು ಮ್ಯಾಟನಿಯಿಂದ ಅಲ್ಲಿ."

ನಾನು ನನ್ನ ಡೈರಿ ತೆಗೆದುಕೊಂಡು ಥಿಯೇಟರಿಗೆ ಓಡಿದೆ. ಮೂರು ದಿನ ವಾಪಸು ಹೋದ ಹೆಂಗಸರ ಗೆರೆಗಳನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದು ಪುಟ ನೋಡಿ, ಪಕ್ಕದಲ್ಲಿದ್ದ ರೆಪ್ರೆಸೆಂಟೇಟಿವ್ ಕಡೆಗೆ ತಿರುಗಿಸಿದರು. ಅವನು, "ಚೆನ್ನಾಗಿದೆ ಮೇಡಂ, ಲೆಕ್ಕದಲ್ಲಿ ನೂರಕ್ಕೆ ನೂರು" ಎಂದ. ಇಬ್ಬರೂ ನಕ್ಕರು. "ಹೋಗಮ್ಮ, ಪರೀಕ್ಷೆಗೆ ಓದ್ಕೋ" ಎಂದರು ಮ್ಯಾನೇಜರು. ಮನೆಗೆ ಬಂದು ಅಳಲಿಲ್ಲ. ಅಳುವಷ್ಟು ಮೆತ್ತಗಿನ ಸಿಟ್ಟಾಗಿರಲಿಲ್ಲ ಅದು.

ಆ ಕಿಟಕಿ ಮುಚ್ಚಿದರೆ ಅತ್ತೆಯ ಕೆಲಸ ಹೋಗುತ್ತದೆ, ಅದೊಂದು. ಇನ್ನೊಂದು, ಕಿಟಕಿ ಇಲ್ಲದಿದ್ದರೆ ಹೆಂಗಸರು ಮುಂದಿನ ಕೌಂಟರಿನ ಪೈಪುಗಳ ನಡುವೆ ನಿಲ್ಲಬೇಕು. ಯಾರು ನಿಲ್ಲುತ್ತಾರೆ? ಯಾವ ಮನೆಯವರು ಕಳಿಸುತ್ತಾರೆ? ನಮ್ಮೂರಿನ ಹೆಂಗಸರಿಗೆ ಸಿನಿಮಾ ಎನ್ನುವುದೇ ಮುಗಿದ ಹಾಗೆ. ಅದಕ್ಕೆ ಕಾರಣವನ್ನೂ ಅವರ ಮೇಲೆಯೇ ಬರೆಯುತ್ತಾರೆ: ಅವರೇ ಬರಲಿಲ್ಲ.

ಸೋಮವಾರ ಊಟದ ಹೊತ್ತಿಗೆ ಓಣಿ ತುಂಬಿತು.

ತೋವಿನಕೆರೆ ಕಡೆಯಿಂದ ಬಸ್ಸಿನಲ್ಲಿ ಬಂದವರಿದ್ದರು. ಸುತ್ತಲ ಹಳ್ಳಿಗಳಿಂದ ಗಾಡಿಯಲ್ಲಿ ಬಂದವರಿದ್ದರು. ಬೆಟ್ಟದ ಕಡೆಯ ಕುರಿ ಕಾಯುವ ಮನೆಗಳ ಹೆಂಗಸರು ಹೊಸ ಸೀರೆಯ ಗಂಜಿ ಇನ್ನೂ ಸಡಿಲವಾಗದೆ ಸರಸರ ಸದ್ದು ಮಾಡುತ್ತಾ ಬಂದರು. ಪೇಟೆಯ ಲಿಂಗಾಯತರ ಮನೆಗಳವರು ಕೈಯಲ್ಲಿ ನೋಮಿನ ದಾರ ಕಟ್ಟಿಕೊಂಡೇ ಬಂದರು. ಎಲ್ಲರ ಮಡಿಲಲ್ಲೂ ಕಜ್ಜಾಯದ ಗಂಟು. ಹಿಂದೆ ಎಣ್ಣೆ ತಲೆಯ ಹೊಸ ಅಳಿಯಂದಿರು, ಅತ್ತೆ ಮನೆಯವರಿಗೆ ಸಿನಿಮಾ ತೋರಿಸಲೇಬೇಕಾದವರು, ಜೇಬು ಮುಟ್ಟಿ ನೋಡಿಕೊಳ್ಳುತ್ತಾ ನಿಂತಿದ್ದರು.

ಕಿಟಕಿ ಮುಚ್ಚಿತ್ತು. ಗೋಡೆಯ ಮೇಲೆ ಒಬ್ಬ ಹುಡುಗ ಓರಗಿತ್ತಿಯರ ಮುಖದ ಮೇಲೆ ಹಳೇ ಹೊಡೆದಾಟದ ಸಿನಿಮಾದ ಪೋಸ್ಟರು ಅಂಟಿಸುತ್ತಿದ್ದ.

ತೋವಿನಕೆರೆಯ ಒಬ್ಬಾಕೆ, ಎತ್ತರದ, ದೊಡ್ಡ ಗಂಟಲಿನ ಹೆಂಗಸು, ಅವನನ್ನು ಕೇಳಿದಳು: "ಏನಪ್ಪೋ, ಯಾಕಲಾ ಅವರ ಮುಖಕ್ಕೆ ಮೆತ್ತೀಯಾ?"

"ಪಿಚ್ಚರ್ ಎತ್ತಿದ್ರು ಕಣಕ್ಕ. ಡಬ್ಬ ಬಸ್ ಸ್ಟ್ಯಾಂಡ್ಗೆ ಹೋಯ್ತು."

"ಎತ್ತಿದ್ರಾ? ನಾವು ಇನ್ನೂ ನೋಡೇ ಇಲ್ಲ, ಹೆಂಗ್ಲಾ ಎತ್ತುತಾರೆ?"

ಅತ್ತೆ ಅಷ್ಟು ಹೊತ್ತೂ ನಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಈಗ ಕೆಳಗಿಳಿದರು. "ಶಿರಾ ಬಸ್ಸು ಇನ್ನೂ ಬಂದಿಲ್ಲ" ಎಂದರು. ಅಷ್ಟೇ ಹೇಳಿದ್ದು. ಇಡೀ ಓಣಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿತು.

ರೆಪ್ರೆಸೆಂಟೇಟಿವ್ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದ. ತಗಡಿನ ಡಬ್ಬಗಳು ಪಕ್ಕದಲ್ಲೇ ನೆಲದ ಮೇಲಿದ್ದವು. ಅವನು ಪೇಪರು ಮಡಿಸಿ ತಲೆ ಎತ್ತುವಷ್ಟರಲ್ಲಿ ತೋವಿನಕೆರೆಯಾಕೆ ಒಂದು ಡಬ್ಬದ ಮೇಲೆ ಕೂತಾಗಿತ್ತು. ಇನ್ನೊಂದರ ಮೇಲೆ ಅವಳ ನಾದಿನಿ. ಉಳಿದವರು ಸುತ್ತ ಕೂತರು. ಗಂಟು ಬಿಚ್ಚಿ ಕಜ್ಜಾಯ ಹಂಚಿಕೊಂಡರು.

"ಎದ್ದೇಳ್ರಮ್ಮ, ಅದು ಕೂರೋ ಸಾಮಾನಲ್ಲ. ಒಳಗೆ ಫಿಲಂ ಇದೆ."

"ಅದು ಇರೋದಕ್ಕೇ ಕೂತಿರೋದು. ತಗೋ ಅಪ್ಪ, ನೀನೂ ಒಂದು ಕಜ್ಜಾಯ ತಿನ್ನು. ನೋಮಿಂದು, ಬ್ಯಾಡ ಅನ್ಬಾರ್ದು."

ಬೇಡ ಎನ್ನುವ ಧೈರ್ಯ ಅವನಿಗೂ ಬರಲಿಲ್ಲ. ತೆಗೆದುಕೊಂಡ.

"ನಾಳೆ ಮ್ಯಾಟನಿಗೆ ಶಿರಾದಲ್ಲಿ ಹಾಕಬೇಕಮ್ಮ."

"ನಾಳೆ ಅಲ್ವಾ? ಇವತ್ತು ನಮಗೆ ಹಾಕು. ಬೇಕಾದ್ರೆ ನಮ್ಮ ಗಾಡೀಲೇ ಶಿರಾಕ್ಕೆ ಬಿಟ್ಬರ್ತೀವಿ."

ಪಾವಗಡದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಮುದುಕಿ ಅವನ ಚರ್ಮದ ಚೀಲವನ್ನು ಕೋಲಿನಿಂದ ತಿವಿದು, "ಏಮಯ್ಯಾ, ಹೆಂಗಸ್ರು ರಾಲೇದು ಅಂತ ಬರ್ಕೊಂಡಿಯಂತೆ? ಈಗ ಬಂದಿದೀವಿ, ಬರ್ಕೋ" ಎಂದಳು. ಬಸ್ ಸ್ಟ್ಯಾಂಡೆಲ್ಲ ನಕ್ಕಿತು. ಶಿರಾ ಬಸ್ಸು ಬಂತು. ಕಂಡಕ್ಟರು ಡಬ್ಬಗಳನ್ನು ನೋಡಿದ, ಮೇಲೆ ಕೂತವರನ್ನು ನೋಡಿದ, ರೈಟ್ ಹೇಳಿ ಹೊರಟುಹೋದ.

ಅಷ್ಟರಲ್ಲಿ ಮ್ಯಾನೇಜರು ಓಡಿ ಬಂದರು. ಇಬ್ಬರೂ ದೂರ ಹೋಗಿ ಪಿಸುಗುಟ್ಟಿಕೊಂಡರು. ವಾಪಸು ಬಂದಾಗ ಇಬ್ಬರ ಮುಖದಲ್ಲೂ ನಗು ಇತ್ತು. ಒಂದು ಆಟ ಹಾಕುತ್ತೇವೆ, ಸರಿಯೇ ಎಂದರು. ಹೆಂಗಸರು ಡಬ್ಬಗಳನ್ನು ತಾವೇ ಹೊತ್ತುಕೊಂಡು ಬಂದರು.

ನನಗೆ ಆ ನಗು ಹಿಡಿಸಲಿಲ್ಲ. ಯಾಕೆಂದು ಓಣಿಗೆ ಬಂದ ಮೇಲೆ ಗೊತ್ತಾಯಿತು. ಕಿಟಕಿ ತೆರೆಯಿತು, ಅತ್ತೆ ಒಳಗೆ ಸ್ಟೂಲಿನ ಮೇಲೆ ಕೂತರು. ಅವರ ಮುಂದೆ ಟಿಕೆಟ್ ಪುಸ್ತಕ ಇರಲಿಲ್ಲ.

"ಗುಲಾಬಿ ಪುಸ್ತಕ ಎಲ್ಲಣ್ಣ?"

"ಪುಸ್ತಕ ಗಿಸ್ತಕ ಏನೂ ಬ್ಯಾಡಮ್ಮ. ನಿನ್ನೆಗೆ ರಿಪೋರ್ಟ್ ಮುಗಿದದೆ. ಸುಮ್ನೆ ದುಡ್ಡು ಇಸ್ಕೊಂಡು ಒಳಕ್ಕೆ ಬುಡು" ಎಂದರು ಮ್ಯಾನೇಜರು.

ಟಿಕೆಟ್ ಹರಿಯದಿದ್ದರೆ ಈ ಆಟ ನಡೆದೇ ಇಲ್ಲ. ದುಡ್ಡು ಅವರಿಬ್ಬರ ಜೇಬಿಗೆ. ಬೆಂಗಳೂರಿಗೆ ಹೋದ ರಿಪೋರ್ಟಿನಲ್ಲಿ ಹೆಂಗಸರು ಸೊನ್ನೆ, ಶುಕ್ರವಾರದಿಂದ ಸೋಡಾ ಅಂಗಡಿ. ಇಷ್ಟು ಜನ ಹೆಂಗಸರು ಬಂದು, ನೋಡಿ, ಅತ್ತು, ನಕ್ಕು ಹೋದರೂ ಯಾರೂ ಬರಲಿಲ್ಲ ಎಂದೇ ಉಳಿಯುತ್ತದೆ. ಆ ಹೊತ್ತಿನ ನನ್ನ ಸಿಟ್ಟು ಹೇಗಿತ್ತೆಂದರೆ, ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಮುರಿದುಹೋಯಿತು.

ಅತ್ತೆ ಕಿಟಕಿಯ ಬಾಗಿಲಿಗೆ ಕೈ ಹಾಕಿದರು. "ಪುಸ್ತಕ ಕೊಡಿ. ಇಲ್ಲಾಂದ್ರೆ ಮುಚ್ತೀನಿ."

"ಏಯ್, ಹುಚ್ಚಾ ನಿನಗೆ? ಹೊರಗೆ ಎಷ್ಟು ಜನ ನೋಡು!"

"ನೋಡ್ತಿದೀನಿ. ಅದಕ್ಕೇ ಕೇಳ್ತಿರೋದು. ಇವರೆಲ್ಲ ಬಂದಿದ್ರು ಅನ್ನೋದಕ್ಕೆ ಏನೈತೆ?"

ರೆಪ್ರೆಸೆಂಟೇಟಿವ್ ಮೆತ್ತಗೆ ಮುಂದೆ ಬಂದು ಹೊರಗಿನವರಿಗೇ ಹೇಳಿದ: "ನೋಡ್ರಮ್ಮ, ಟಿಕೆಟ್ ಇಲ್ದೆ ಆದ್ರೆ ತಲೆಗೆ ನಾಲ್ಕಾಣೆ ಕಮ್ಮಿ ಮಾಡ್ತೀವಿ. ನಿಮಗೇ ಲಾಭ."

ತೋವಿನಕೆರೆಯಾಕೆಯ ನಾದಿನಿ, "ನಾಲ್ಕಾಣೆ ಕಮ್ಮಿ ಅಂದ್ರೆ ಬ್ಯಾಡ ಅನ್ನಾಕಾಯ್ತದಾ? ಎರಡು ಸೋಡಾ ಬತ್ತದೆ" ಎಂದಳು. ಕೆಲವರು ತಲೆ ಆಡಿಸಿದರು. ಅತ್ತೆ ಕಿಟಕಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಸರಳಿನ ಸಂದಿನಿಂದ ಸುಮ್ಮನೆ ಅವರನ್ನು ನೋಡಿದರು.

ತೋವಿನಕೆರೆಯಾಕೆ ನಾದಿನಿಯ ಕಡೆ ತಿರುಗಿದಳು. "ಲೇ, ಸೋಡಾದವಳೇ, ಸುಮ್ಕಿರು." ಆಮೇಲೆ ಮ್ಯಾನೇಜರಿಗೆ: "ಟಿಕೀಟ್ ಇಲ್ದೆ ನೋಡಾಕೆ ನಾವೇನು ಬೇಲಿ ಹಾರಿ ಬಂದಿವೇನಣ್ಣ? ಹಬ್ಬ ಮಾಡಿ, ನೋಮು ಮಾಡಿ, ಮಕ್ಕಳು ಅಳಿಯಂದಿರ ಜೊತೆ ಮರ್ವಾದೆಯಾಗಿ ಬಂದಿವಿ. ಪೂರ್ತಿ ಕಾಸು ಇಸ್ಕೋ, ಪೂರ್ತಿ ಟಿಕೀಟ್ ಕೊಡು. ನಮ್ಮೂರಿಗೆ ಹೋಗಿ ತೋರ್ಸಬೇಕು ನಾವು."

ಯಾರೂ ಕಾಸು ಚಾಚಲಿಲ್ಲ. ಬಿಸಿಲು ಓಣಿಯ ನಡುವೆ ಇತ್ತು. ಮಕ್ಕಳು ಅಳತೊಡಗಿದವು. ಅಳಿಯಂದಿರಲ್ಲಿ ಒಬ್ಬ, ಮೀಸೆ ಈಗಷ್ಟೇ ಬಂದವನು, ಮುಂದೆ ಬಂದು ಗಟ್ಟಿಯಾಗಿಯೇ ಕೇಳಿದ: "ಟಿಕೆಟ್ ಇಲ್ದೆ ಆಟ ಹಾಕ್ಬೋದು ಅಂತ ತಾಲ್ಲೂಕಾಫೀಸಿನ ತೆರಿಗೆಯವರಿಗೆ ಗೊತ್ತಾ ಸಾರ್?" ಮ್ಯಾನೇಜರು ಒಳಗೆ ಹೋಗಿ ಗುಲಾಬಿ ಪುಸ್ತಕ ತಂದು ಅತ್ತೆಯ ಮುಂದೆ ಎಸೆದರು.

ಅತ್ತೆ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಮೊದಲ ಟಿಕೆಟ್ಟು ಹರಿದ ಸದ್ದು ನನ್ನ ಜಗಲಿಗೆ ಕೇಳಿಸಿತು. ಮುರಿದ ಪೆನ್ಸಿಲ್ಲಿನಲ್ಲೇ ಗೆರೆ ಎಳೆಯುತ್ತಾ ಹೋದೆ. ಪುಟ ತುಂಬಿತು, ಮುಂದಿನ ಪುಟಕ್ಕೆ ಹೋಯಿತು. ಎಡಗಡೆಯ ಬೆಂಚುಗಳು ತುಂಬಿ ಹೆಂಗಸರು ಗೋಡೆ ದಾಟಿ ಗಂಡಸರ ಬೆಂಚುಗಳಲ್ಲೂ ಕೂತರು. ಸದ್ದು ಕೇಳಿ ಇಸ್ಪೀಟು ಬಿಟ್ಟು ಬಂದ ಕೆಲವು ಗಂಡಸರಿಗೆ ಗೇಟಿನವನು ಹೇಳಬೇಕಾಯಿತು: "ರಶ್ಶು ಕಣಣ್ಣ, ನಾಳೆ ಬನ್ನಿ." ಅವತ್ತಿನ ನನ್ನ ಎರಡನೆಯ ಕಾಲಮ್ಮಿನಲ್ಲಿ ಗಂಡಸರು ಮೊದಲ ಸಲ ಸೇರಿದರು.

ಆಟ ಶುರುವಾದ ಮೇಲೆ ಅತ್ತೆ ನನ್ನನ್ನೂ ಅಮ್ಮನನ್ನೂ ಒಳಗೆ ಕರೆದುಕೊಂಡರು. ಬೆಂಚಿನಲ್ಲಿ ಜಾಗ ಇರಲಿಲ್ಲ, ಬಾಗಿಲ ಪಕ್ಕ ನಿಂತೆವು. ಪರದೆಯ ಮೇಲೆ ಹಿರಿಯ ಓರಗಿತ್ತಿ ಗಂಟು ಕಟ್ಟಿಕೊಂಡು ಮನೆ ಬಿಡುತ್ತಿದ್ದಳು. "ಹೋಗಬ್ಯಾಡ ಕಣೇ, ಅದು ನಿನ್ನ ಮನೆ ಕಣೇ!" ಎಂದು ಕತ್ತಲಲ್ಲಿ ಯಾರೋ ಕೂಗಿದರು. ಇಂಟರ್‌ವೆಲ್ಲಿನಲ್ಲಿ ಅಳಿಯಂದಿರು ಗೋಡೆಯ ಮೇಲಿಂದ ಸೋಡಾ ಬಾಟಲಿ ದಾಟಿಸಿದರು. ಫ್ಯಾನು ತಿರುಗದ ಸೆಕೆಯಲ್ಲಿ ಎಲ್ಲರೂ ಸೆರಗು ಬೀಸುತ್ತಾ ಕೂತಿದ್ದರು. ಒಬ್ಬರೂ ಅರ್ಧಕ್ಕೆ ಎದ್ದು ಹೋಗಲಿಲ್ಲ.

ಕಿಟಕಿ ಮುಚ್ಚಲಿಲ್ಲ. ಹರಿದ ಗುಲಾಬಿ ಪುಸ್ತಕವನ್ನು ಇಟ್ಟುಕೊಂಡು ಸೊನ್ನೆ ಎಂದು ಬರೆಯುವುದು ರೆಪ್ರೆಸೆಂಟೇಟಿವ್‌ನಿಂದ ಆಗಲಿಲ್ಲ. ಸೋಡಾ ಅಂಗಡಿಯ ಮಾತು ನಿಂತಿತು.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಯಾಕೆಂದರೆ ಮುಂದಿನ ಯುಗಾದಿಗೆ ಜಟಕಾ ಗಾಡಿ ಹೀಗೆ ಕೂಗಿತು: "ಹಬ್ಬದ ಮಾರನೇ ದಿನ ತಾಯಂದಿರಿಗಾಗಿ ವಿಶೇಷ ಆಟ! ನಮ್ಮ ಮ್ಯಾನೇಜರವರ ಹೊಸ ಯೋಜನೆ!" ಅವರ ಯೋಜನೆಯಂತೆ! ಶಿರಾದವರು ಕೇಳಿ ಮಾಡಿಕೊಂಡರು, ಕೊರಟಗೆರೆಯ ಟೆಂಟಿನವರು ಮಾಡಿಕೊಂಡರು. ಎಲ್ಲರಿಗೂ ಮ್ಯಾನೇಜರು ಬುದ್ಧಿ ಹೇಳುತ್ತಿದ್ದರು: "ಹೆಂಗಸ್ರ ಮನಸ್ಸು ತಿಳ್ಕೋಬೇಕು ಸಾರ್. ನಾನು ಎಷ್ಟು ವರ್ಷದಿಂದ ಗಮನಿಸಿದೀನಿ." ಆದರೆ ಹಬ್ಬದ ಮೂರು ದಿನ ಎಡಗಡೆಯ ಬೆಂಚುಗಳು ಮೊದಲಿನ ಹಾಗೇ ಗಂಡಸರಿಗೇ. ಹೆಂಗಸರಿಗೆ ಮಾರನೇ ದಿನ ಇದೆಯಲ್ಲ! ಹಬ್ಬದ ಊಟದ ಮಿಕ್ಕಿದ್ದನ್ನು ಕೊನೆಗೆ ಕೂತು ತಿನ್ನುವ ಹಾಗೆ, ಸಿನಿಮಾವೂ ಮಿಕ್ಕ ದಿನಕ್ಕೆ. ಫ್ಯಾನೂ ತಿರುಗಲಿಲ್ಲ.

"ಕಿಟಕಿ ಉಳೀತಲ್ಲ, ಬುಡು ಅತ್ಲಾಗೆ" ಎನ್ನುತ್ತಿದ್ದರು ಅತ್ತೆ.

ನನಗೆ ಬಿಡಲಾಗಲಿಲ್ಲ. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದ ವರ್ಷದ ದೀಪಾವಳಿಗೆ ಅಮ್ಮನಿಗೆ ಹೇಳಿಬಿಟ್ಟೆ: "ಕಜ್ಜಾಯದ ಹಿಟ್ಟು ನಾನು ಬೆಳಗ್ಗೆ ನಾಲ್ಕಕ್ಕೆದ್ದು ಕುಟ್ಟಿಕೊಡ್ತೀನಿ. ಅಣ್ಣ ಇಸ್ಪೀಟಿಗೆ ಹೋಗೋ ಮುಂಚೆ ನೀರು ಸೇದಿ ಹಾಕ್ಲಿ. ನಾನು ಮೊದಲ ದಿನವೇ ಸಿನಿಮಾಕ್ಕೆ ಹೋಗ್ತೀನಿ." ಅಣ್ಣ ನಕ್ಕ. ಅಮ್ಮ ನಗಲಿಲ್ಲ. "ಕೊಡ ಅಲ್ಲೈತೆ, ಸೇದು" ಎಂದಳು ಅವನಿಗೆ.

ಶುಕ್ರವಾರ ಮ್ಯಾಟನಿಗೆ ನಾನೂ ಟೈಪಿಂಗ್ ಕ್ಲಾಸಿನ ಇಬ್ಬರು ಗೆಳತಿಯರೂ ಓಣಿಗೆ ಹೋದೆವು. ಕಿಟಕಿಯ ಮುಂದೆ ಗಂಡಸರು ಒತ್ತಿಕೊಂಡಿದ್ದರು. ಯಾರೋ, "ಹೆಂಗಸ್ರಿಗೆ ಸೋಮವಾರ ಕಣಮ್ಮ, ಬೋರ್ಡ್ ನೋಡಿಲ್ವಾ?" ಎಂದ. ನಾನು ಅವನ ತೋಳಿನ ಕೆಳಗಿನಿಂದ ಕೈ ತೂರಿಸಿ ಸರಳು ಹಿಡಿದುಕೊಂಡೆ.

"ಅತ್ತೆ, ಮೂರು ಗುಲಾಬಿ ಟಿಕೆಟ್."

ಅತ್ತೆಯ ಮುಂದೆ ಬಿಳಿ ಪುಸ್ತಕ ಇತ್ತು. ಹಿಂದೆ ಮ್ಯಾನೇಜರು ನಿಂತಿದ್ದರು. "ಇವತ್ತು ರಶ್ಶು..." ಎಂದು ಅವರು ಬಾಯಿ ತೆರೆದರು. ಅತ್ತೆ ತಿರುಗಿ ನೋಡಲಿಲ್ಲ. ಸ್ಟೂಲಿನ ಕೆಳಗೆ ಕೈ ಹಾಕಿ ಗುಲಾಬಿ ಪುಸ್ತಕ ತೆಗೆದರು.

"ಯಾರನ್ನ ಕೇಳಿ ಕೊಡ್ತಿದೀಯಮ್ಮ?"

"ಯಾರನ್ನ ಕೇಳ್ಬೇಕು? ಕಿಟಕಿ ಹೆಂಗಸ್ರದ್ದು" ಎಂದು ಅತ್ತೆ ಮೂರು ಟಿಕೆಟ್ ಹರಿದು ಕೊಟ್ಟರು.

ಒಳಗೆ ಎಡಗಡೆಯ ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದ ಗಂಡಸರಿಗೆ ಟಿಕೆಟ್ಟಿನ ಬಣ್ಣ ತೋರಿಸಿದೆವು. ಮೊದಲು ಕಾಣಲಿಲ್ಲ ಎನ್ನುವಂತೆ ಕೂತಿದ್ದರು. ನಾವು ಅವರ ಮುಂದೆಯೇ, ಪರದೆಗೆ ಬೆನ್ನು ಮಾಡಿ ನಿಂತೆವು. ಜಾಹೀರಾತಿನ ಸ್ಲೈಡು ಕಾಣದೆ ಹಿಂದಿನವರು ಕೂಗಾಡಿದರು. ಬೆಂಚಿನವರು ಎದ್ದರು. ನಾವು ಕೂತ ಮೇಲೆ, ದೀಪ ಆರುವ ಮುಂಚೆ, ಡೈರಿ ತೆಗೆದು ಬರೆದೆ: ಶುಕ್ರವಾರ, ನರಕ ಚತುರ್ದಶಿ, ಮ್ಯಾಟನಿ. ಒಳಗೆ ಹೋದವರು: ಮೂರು. ವಾಪಸು ಹೋದವರು: ಇಲ್ಲ.